ಅಳಿಯನ ಕಾರಿನ ಮೊರದಗಲದ ಗಾಜು

ಕಾರು ನನ್ನದಲ್ಲ, ಅಳಿಯಂದಿರದು. ಕಂಪನಿ ಕೆಲಸದ ಮೇಲೆ ಆರು ತಿಂಗಳಿಗೆ ಹೊರದೇಶಕ್ಕೆ ಹೊರಟವರು ಮಗಳು, ಮೊಮ್ಮಗಳ ಜೊತೆ ಕಾರನ್ನೂ ಮೈಸೂರಿಗೆ ತಂದು ಬಿಟ್ಟು, "ಮಾವ, ವಾರಕ್ಕೊಂದ್ಸಲ ಓಡಿಸ್ತಾ ಇರಿ, ಚಾರ್ಜು 80 ದಾಟಿಸಬೇಡಿ" ಅಂತ ಹೇಳಿ ವಿಮಾನ ಹತ್ತಿದರು. ಐವತ್ತು ಲಕ್ಷ ದಾಟಿದ ಎಲೆಕ್ಟ್ರಿಕ್ ಎಸ್‌ಯುವಿ. ಕಂಪನಿಯ ಹೆಸರು ಬರೆಯೋದಿಲ್ಲ. ಬರೆದರೆ ಮಾತೆಲ್ಲ ಆ ಕಾರು ಒಳ್ಳೇದೋ ಈ ಕಾರು ಒಳ್ಳೇದೋ ಅನ್ನೋ ಕಡೆಗೆ ಹೋಗುತ್ತೆ. ನಾನು ಹೇಳಬೇಕಾಗಿರೋದು ಒಂದು ಗಾಜಿನ ವಿಷಯ, ಅದನ್ನು ಕೂರಿಸಿದ ಒಬ್ಬರು ಭಾಯ್ ವಿಷಯ.

ನಮ್ಮ ಮನೆ ಬೋಗಾದಿ ರಿಂಗ್ ರೋಡಿನಿಂದ ಸ್ವಲ್ಪ ಒಳಗೆ. ಪಕ್ಕದ್ದು ಖಾಲಿ ಸೈಟು. ಪಾರ್ಥೇನಿಯಂ ಎದೆಮಟ್ಟ ಬೆಳೆದು, ಹಾವು ಬರುತ್ತೆ ಅಂತ ನಾವೇ ಸೈಟಿನವರಿಗೆ ಫೋನ್ ಮೇಲೆ ಫೋನ್ ಮಾಡಿ, ನವರಾತ್ರಿಗೆ ಇನ್ನೂ ಒಂದು ವಾರ ಇದೆ ಅನ್ನುವಾಗ ಅವರು ಒಬ್ಬ ಆಳನ್ನು ಕಳಿಸಿದರು. ಹೆಗಲಿಗೆ ಹಾಕ್ಕೊಂಡು ಹುಲ್ಲು ಕತ್ತರಿಸೋ ಮೆಷಿನ್, ತುದಿಗೆ ಕಬ್ಬಿಣದ ಬ್ಲೇಡು. ನಾನು ಎರಡನೇ ಕಾಫಿ ಕುಡೀತಾ ಕೂತಿದ್ದೆ. ಟಪ್ ಅಂತ ಒಂದು ಸದ್ದು, ಹಿಂದೆಯೇ ಅಕ್ಕಿ ಸುರಿದ ಹಾಗೆ ಜರ್ರ್ ಅಂತ ಇನ್ನೊಂದು. ಹೊರಗೆ ಬಂದು ನೋಡಿದರೆ ಕಾರಿನ ಎಡಗಡೆ, ಹಿಂದಿನ ಬಾಗಿಲಾದ ಮೇಲೆ ಡಿಕ್ಕಿಯ ಪಕ್ಕಕ್ಕೆ ಬರುತ್ತಲ್ಲ, ಇಳಿಸೋಕೆ ಏರಿಸೋಕೆ ಬಾರದ ಆ ಮೂಲೆ ಗಾಜು, ಅದು ಇಲ್ಲವೇ ಇಲ್ಲ. ಚೌಕಟ್ಟಿನ ಅಂಚಿಗೆ ಅಲ್ಲಲ್ಲಿ ಹಲ್ಲಿನ ಹಾಗೆ ಚೂರು ಕಚ್ಚಿಕೊಂಡಿದೆ, ಮಿಕ್ಕಿದ್ದೆಲ್ಲ ಡಿಕ್ಕಿಯೊಳಗೆ ಕಲ್ಲುಸಕ್ಕರೆ ಚೆಲ್ಲಿದ ಹಾಗೆ.

"ಸಾ, ಕಲ್ಲು ಸಿಡೀತು ಸಾ. ನಾ ನೋಡ್ನಿಲ್ಲ." ಆ ಹುಡುಗ ಮೆಷಿನ್ ಆಫ್ ಮಾಡಿ, ಅಂಗಿ ಜೇಬಿನಿಂದ ನಾಲ್ಕು ಮಡಿಕೆ ಮಡಚಿದ 500ರ ನೋಟು ತೆಗೆದು ಕೈ ಚಾಚಿದ. ಅವತ್ತಿನ ಅವನ ಕೂಲಿಗಿಂತ ಅದೇ ಹೆಚ್ಚೋ ಏನೋ. "ಜೇಬಲ್ಲಿ ಇಟ್ಕೋಪ್ಪ, ಇದು ಅಷ್ಟಕ್ಕೆ ಆಗೋ ಬಾಬ್ತಲ್ಲ" ಅಂದೆ. ಸೈಟಿನವರು ಮಾತ್ರ ಆವತ್ತಿನಿಂದ ನನ್ನ ಫೋನ್ ತೆಗೆಯೋದನ್ನೇ ಬಿಟ್ಟರು. ಮುಂಚೆಯಾದರೂ ನಾಲ್ಕರಲ್ಲಿ ಒಂದು ಸಲ ತೆಗೀತಿದ್ದರು.

ನಾನು ಡಂಪರ್ ತಯಾರಿಸೋ ಬೆಮೆಲ್ ಕಾರ್ಖಾನೆಯಲ್ಲಿ 31 ವರ್ಷ ಇದ್ದವನು, ಹೆಚ್ಚಿನ ಕಾಲ ಇನ್‌ಸ್ಪೆಕ್ಷನ್ನಲ್ಲಿ. ಡಂಪರಿನ ಕ್ಯಾಬಿನ್ನಿಗೆ ಗಾಜು ಕೂರಿಸೋದು ಬೇಕಾದಷ್ಟು ನೋಡಿದ್ದೇನೆ. ಆ ಕಾಲದ್ದು ರಬ್ಬರ್ ಬೀಡಿಂಗ್: ಸೋಪಿನ ನೀರು ಹಚ್ಚಿ, ಬೀಡಿಂಗಿನ ತುಟಿಯೊಳಗೆ ದಾರ ಇಟ್ಟು, ಒಳಗಡೆಯಿಂದ ದಾರ ಎಳೆದರೆ ಗಾಜು ತಾನೇ ಕೂರುತ್ತಿತ್ತು. ಇಬ್ಬರು ಆಳು, ಇಪ್ಪತ್ತು ನಿಮಿಷ. ಇದೂ ಅಂಥದ್ದೇ ಇರಬೇಕು, ಅದೂ ಮೊರದಗಲದ ಗಾಜು, ಏನು ಮಹಾ ಅಂದುಕೊಂಡೆ. ಅಲ್ಲೇ ನಾನು ಎಡವಿದ್ದು. ಬಾಗಿಲಿನ ಗಾಜಾದರೆ ಎರಡು ಬೋಲ್ಟಿನ ಮೇಲೆ ನಿಂತಿರುತ್ತೆ, ಬಿಚ್ಚಿ ಹಾಕಬಹುದು. ಈ ಮೂಲೆ ಗಾಜನ್ನು ಬಾಡಿಗೇ ಅಂಟಿಸಿರುತ್ತಾರೆ. ಸುತ್ತಲಿನ ರಬ್ಬರ್ ಅಂಚನ್ನು ಕಾರ್ಖಾನೆಯಲ್ಲೇ ಗಾಜಿನ ಜೊತೆ ಅಚ್ಚು ಹೊಯ್ದಿರುತ್ತಾರೆ, ಹಾಗಾಗಿ ಗಾಜು ಬೇರೆ ರಬ್ಬರ್ ಬೇರೆ ಸಿಗೋದಿಲ್ಲ. ಚಿಕ್ಕ ಗಾಜು, ಕಡಿಮೆ ಬೆಲೆಯದು ಅಂತ ನಾವೆಲ್ಲ ಅಂದುಕೊಳ್ತೀವಿ. ರೇಟು ಕೇಳಿದಾಗ ತಿಳೀತು, ಬಾಗಿಲಿನ ದೊಡ್ಡ ಗಾಜಿಗಿಂತ ಇದೇ ದುಬಾರಿ.

ಮೊದಲು ಮಳೆಯ ಚಿಂತೆ. ಹಿಂಗಾರು ದಿನಾ ಸಂಜೆ ನಾಲ್ಕಕ್ಕೆ ಹಾಜರಿ ಹಾಕ್ತಿತ್ತು. ಪ್ಯಾಕಿಂಗ್ ಟೇಪನ್ನು ನೇರ ಪೇಂಟಿನ ಮೇಲೆ ಅಂಟಿಸಬೇಡಿ, ಬಿಸಿಲಿಗೆ ಗೋಂದು ಉಳಿದುಬಿಡುತ್ತೆ. ಪೇಂಟರುಗಳ ಮಾಸ್ಕಿಂಗ್ ಟೇಪ್ ಒಂದು ಸುತ್ತು ಹಾಕಿ, ಅದರ ಮೇಲೆ ದಪ್ಪ ಪಾಲಿಥಿನ್ ಹಾಳೆ, ಅದರ ಮೇಲೆ ಬೇಕಾದ ಟೇಪು. ಹಾಳೆಯ ಮೇಲಂಚನ್ನು ಗಾಳಿಗೆ ಹಾರದ ಹಾಗೆ ಕಾರಿನ ಮಾಡಿನ ಮೇಲಿನ ಕಂಬಿಯ ಪ್ಲಾಸ್ಟಿಕ್ ಮುಚ್ಚಳ ಎತ್ತಿ ಅದರ ಕೆಳಗೆ ಸಿಗಿಸಿದೆ. ಭಾರೀ ಜಾಣತನ ಮಾಡಿದೆ ಅಂತ ಆಗ ಅನ್ನಿಸಿತ್ತು. ಚಾರ್ಜಿಂಗ್ ಕಿಂಡಿ ಬೇರೆ ಅದೇ ಎಡಗಡೆ, ಗಾಜಿನ ನೇರ ಕೆಳಗೆ. ಅದರ ಮುಚ್ಚಳದ ಸಂದಿನಲ್ಲೂ ಚೂರು ಸಿಕ್ಕಿದ್ದವು. ಹಳೇ ಟೂತ್‌ಬ್ರಶ್‌ನಲ್ಲಿ ಒಂದೊಂದಾಗಿ ತೆಗೆಯೋವರೆಗೂ ಚಾರ್ಜಿಗೆ ಹಾಕಲಿಲ್ಲ.

ಊರಿನ ಮಧ್ಯದ ಒಂದು ಆಕ್ಸೆಸರೀಸ್ ಅಂಗಡಿಗೆ ಹೋದೆ. ಹುಡುಗ ಕಾರಿನ ಸುತ್ತ ಒಂದು ರೌಂಡು ಹೊಡೆದು, "ಅಂಕಲ್, ಅಕ್ರಿಲಿಕ್ ಶೀಟು ಕಟ್ ಮಾಡಿ ಸಿಲಿಕೋನ್ ಹೊಡ್ದು ಕೊಡ್ತೀವಿ, 3,000, ಮೇಲೊಂದು ಫಿಲ್ಮ್ ಅಂಟಿಸಿದ್ರೆ ಯಾರಿಗೂ ಗೊತ್ತಾಗಲ್ಲ" ಅಂದ. ನನಗೆ ಗೊತ್ತಾಗುತ್ತಲ್ಲಪ್ಪ! ಇದು ಟಫನ್ಡ್ ಗಾಜು. 600 ಡಿಗ್ರಿ ದಾಟಿಸಿ ಕಾಯಿಸಿ, ಎರಡೂ ಕಡೆಯಿಂದ ಗಾಳಿ ಊದಿ ತಟ್ಟನೆ ತಣ್ಣಗೆ ಮಾಡಿರುತ್ತಾರೆ. ಮೇಲ್ಮೈ ಬಿಗಿದುಕೊಂಡಿರುತ್ತೆ, ಒಳಗಡೆ ಎಳೆತ ಇರುತ್ತೆ. ಗುದ್ದಿದರೆ ತಡೆಯುತ್ತೆ, ಚೂಪು ಕಲ್ಲಿನ ಮೊನೆ ಒಂದು ಕಡೆ ತಾಗಿದರೆ ಸಾಕು, ಇಡೀ ಗಾಜು ಒಟ್ಟಿಗೇ ಪುಡಿ. ಹಾಗೆ ಪುಡಿಯಾಗೋದೇ ಅದರ ಗುಣ, ಈಟಿಯ ಹಾಗೆ ಸೀಳು ಬರೋದಿಲ್ಲ. ಹದ ಮಾಡಿದ ಮೇಲೆ ಅದನ್ನು ಕತ್ತರಿಸೋಕೂ ಆಗದು, ತೂತು ಕೊರೆಯೋಕೂ ಆಗದು. ಆದ್ದರಿಂದ ಮೂಲೆ ಗಾಜು ಕಟ್ ಮಾಡಿ ಕೊಡ್ತೀವಿ ಅಂತ ಯಾರಾದರೂ ಹೇಳಿದರೆ ಅದು ಈ ಗಾಜಲ್ಲ ಅಂತಲೇ ತಿಳ್ಕೊಳ್ಳಿ. ಸಿಲಿಕೋನ್ ಬಾತ್‌ರೂಮಿನ ಸಿಂಕಿಗೆ ಸರಿ. ಒಂದು ಸಲ ಬಾಡಿಗೆ ಬಳಿದರೆ ಆಮೇಲೆ ಅಲ್ಲಿ ಸರಿಯಾದ ಅಂಟು ಹಿಡಿಸೋದೇ ಕಷ್ಟ.

ಈ ಕಾರಿನ ಸರ್ವಿಸ್ ಸೆಂಟರ್ ಮೈಸೂರಿನಲ್ಲಿಲ್ಲ, ಬೆಂಗಳೂರಿಗೇ ಹೋಗಬೇಕು. ಫೋಟೋ ಕಳಿಸಿದ ಮೂರನೇ ದಿನ ವಾಟ್ಸಾಪಿನಲ್ಲಿ ಎಸ್ಟಿಮೇಟ್ ಬಂತು. ಗಾಜು 27,400, ಹೊರಗಿನ ಕಪ್ಪು ಪಟ್ಟಿ 4,600 (ಕಿತ್ತರೆ ಮತ್ತೆ ಕೂರೋದಿಲ್ಲವಂತೆ, ಹೊಸದೇ ಬೇಕು), ಅಂಟಿನ ಕಿಟ್ 4,250, ಕೂಲಿ 9,500. ಜಿಎಸ್‌ಟಿ ಶೇ. 18 ಸೇರಿ 53,985 ರೂಪಾಯಿ. ಗಾಜು ತರಿಸೋಕೆ ಎರಡರಿಂದ ಮೂರು ವಾರ, ಬಂದ ಮೇಲೆ ಕಾರನ್ನು ಮೂರು ದಿನ ಅಲ್ಲಿ ಬಿಡಬೇಕು. ನನ್ನ ಹೆಂಡತಿ ಎಸ್ಟಿಮೇಟ್ ನೋಡಿ, "ರೀ, ನಮ್ಮ ಮನೆ ಕಿಟಕಿ ಎಲ್ಲಕ್ಕೂ ಗಾಜು ಹಾಕ್ಸಿದ್ದು ಇಷ್ಟಾಗಿತ್ತಾ?" ಅಂದಳು. ಆಗಿರಲಿಲ್ಲ.

ಇನ್ಷೂರೆನ್ಸ್ ಇದೆಯಲ್ಲ ಅಂತ ಎಲ್ಲರೂ ಅಂದರು. ಊಟದ ಮೇಜಿನ ಮೇಲೆ ಪಾಲಿಸಿ ಹರಡಿಕೊಂಡು ಕೂತೆ. ಗಾಜಿಗೆ ಸವಕಳಿ ಕಡಿತ ಇಲ್ಲ, ರಬ್ಬರು ಪ್ಲಾಸ್ಟಿಕ್ಕಿಗೆ ಅರ್ಧ ಕಡಿತ, ಆದರೆ ಅಳಿಯಂದಿರು ಸವಕಳಿ ಕಳೆಯದ ಜೀರೋ ಡೆಪ್ ಪಾಲಿಸಿ ತಗೊಂಡಿದ್ದರಿಂದ ಅದೂ ಇಲ್ಲ. ನಾವು ಕೊಡಬೇಕಾದ್ದು ಪಾಲಿಸಿಯಲ್ಲಿ ಬರೆದಿರೋ 2,000 ಮಾತ್ರ. ಕೇಳೋಕೆ ಚೆನ್ನಾಗಿದೆ. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಸೊನ್ನೆಗೆ ಬರುತ್ತೆ. ಪ್ರೀಮಿಯಮ್ಮಿನಲ್ಲಿ ಸಿಗೋ ಆ ರಿಯಾಯಿತಿ ಏಣಿಯ ಹಾಗೆ: ಕ್ಲೇಮಿಲ್ಲದ ಮೊದಲ ವರ್ಷಕ್ಕೆ ಶೇ. 20, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಅಳಿಯಂದಿರು ಈಗ 25ರ ಮೆಟ್ಟಿಲ ಮೇಲಿದ್ದಾರೆ, ಬರೋ ರಿನ್ಯೂವಲ್ಲಿಗೆ 35 ಸಿಗಬೇಕು. ಕ್ಲೇಮ್ ಮಾಡಿದರೆ 35ರ ಬದಲು 0, ಅದರ ಮುಂದಿನ ವರ್ಷ 45ರ ಬದಲು 20, ಆಮೇಲೆ 50ರ ಬದಲು 25, 35, 45. ಐದು ವರ್ಷದ ನಷ್ಟ ಕೂಡಿದರೆ 35, 25, 25, 15, 5, ಒಟ್ಟು 105. ಅಂದರೆ ನಮ್ಮ ಕಾರಿನ ಹಾನಿಗೇ ಅಂತ ಕಟ್ಟೋ ಒಂದು ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಮ್ಮಿಗಿಂತ ಒಂದು ಕೈ ಹೆಚ್ಚೇ. ಇವರದು 46,000. ಕಾರಿನ ಬೆಲೆ ವರ್ಷ ವರ್ಷ ಇಳಿಯೋದರಿಂದ ಸುಮಾರು 40,000 ಅಂತಿಟ್ಟುಕೊಳ್ಳಿ. ಕ್ಲೇಮ್ ಮಾಡದೆ ಗಾಜು ಮಾತ್ರ ಕೊಂಡು ಹೊರಗಿನವರ ಕೈಲಿ ಕೂರಿಸಿದರೆ ನನಗೆ ತಗುಲೋ ಖರ್ಚೂ ಅಷ್ಟೇ ಬರ್ತಿತ್ತು. ತಕ್ಕಡಿ ಎರಡೂ ಕಡೆ ಸಮ. ಹಾಗಿರುವಾಗ ಸರ್ವೇಯರನ್ನು ಕಾಯೋದು, ಪ್ಲಾಸ್ಟಿಕ್ ಹೊದ್ದ ಕಾರನ್ನು ಎಕ್ಸ್‌ಪ್ರೆಸ್‌ವೇ ಮೇಲೆ ಪಟಪಟ ಅನ್ನಿಸಿಕೊಂಡು ಬೆಂಗಳೂರಿಗೆ ಒಯ್ಯೋದು, ಎರಡೂ ಬೇಡ ಅಂತ ತೀರ್ಮಾನ ಮಾಡಿದೆ. ಅದೇ ವರ್ಷ ಇನ್ನೊಂದು ಅಪಘಾತವಾಗಿ ಕ್ಲೇಮ್ ಮಾಡಬೇಕಾದರೆ ನನ್ನ ಲೆಕ್ಕ ತಲೆಕೆಳಗು, ಅದೂ ಗೊತ್ತು. ಸರ್ವಿಸ್ ಸೆಂಟರಿನಲ್ಲೇ ಮಾಡಿಸೋದಾದರೆ ಕ್ಲೇಮ್ ಮಾಡೋದೇ ವಾಸಿ. ನಿಮ್ಮ ಪಾಲಿಸಿಯಲ್ಲಿ ಬೋನಸ್ ಉಳಿಸೋ ಆಡ್-ಆನ್ ಇದ್ದರೆ ಇಷ್ಟೆಲ್ಲ ಲೆಕ್ಕವೇ ಬೇಡ.

ಪಾರ್ಟ್ಸ್ ಕೌಂಟರಿನವರು ಆರ್‌ಸಿ ಕಾಪಿ ಕಳಿಸಿದ ಮೇಲೆ ತಕರಾರಿಲ್ಲದೆ ಗಾಜು ಮತ್ತು ಪಟ್ಟಿ ಮಾತ್ರ ಮಾರೋಕೆ ಒಪ್ಪಿದರು, ತೆರಿಗೆ ಸೇರಿ 37,760. ಹೊರಗಡೆ ಕೂರಿಸಿದರೆ ಆ ಜಾಗದ ನೀರು ಸೋರಿಕೆಗೆ ವಾರಂಟಿ ಇಲ್ಲ, ಬ್ಯಾಟರಿ ಮೋಟರಿನ ವಾರಂಟಿಗೆ ಇದಕ್ಕೂ ಸಂಬಂಧ ಇಲ್ಲ ಅಂತ ಇಮೇಲಿನಲ್ಲಿ ಬರೆಸಿಕೊಂಡೆ. ಬಾಯಿ ಮಾತು ಸಾಲದು, ಬರೆಸಿಕೊಳ್ಳಿ.

ಹದಿನಾರನೇ ದಿನ ಗಾಜು ಬಂತು. ಥರ್ಮೋಕೋಲ್ ಬಿಚ್ಚಿದರೆ ತಿಳಿ ಹಸಿರು. ಕಾರಿನ ಹಿಂದಿನ ಗಾಜುಗಳೆಲ್ಲ ಕಡು ಬೂದು, ಫಿಲ್ಮಲ್ಲ, ಗಾಜಿನ ಮೈಯೇ ಆ ಬಣ್ಣದ್ದು. ಕಾರಿನ ನಂಬರು, ಚಾಸಿ ನಂಬರು ಎಲ್ಲ ಕೊಟ್ಟಿದ್ದರೂ ಅವರು ಬಣ್ಣ ನೋಡದೆ ಆರ್ಡರ್ ಹಾಕಿದ್ದರು. ತಪ್ಪು ಒಪ್ಪಿಕೊಂಡು ದುಡ್ಡು ಮುರಿಯದೆ ಬದಲಿ ತರಿಸಿಕೊಟ್ಟರು ನಿಜ, ಆದರೆ ಅದಕ್ಕೆ ಇನ್ನೂ ಒಂಬತ್ತು ದಿನ. ಅಷ್ಟರಲ್ಲಿ ಮೂರು ಸಲ ಫೋನ್ ಮಾಡಿ "ಸರ್, ಫೀಡ್‌ಬ್ಯಾಕ್‌ಗೆ 5 ಕೊಡಿ" ಅಂದರು. ಗಾಜು ಕೊಡಿ, ಆಮೇಲೆ 5 ಕೊಡ್ತೀನಿ ಅಂದೆ. ಈ ನಡುವೆ ಆಯುಧಪೂಜೆಯೂ ಬಂದು ಹೋಯ್ತು. ನನ್ನ ಹೆಂಡತಿ ಪಾಲಿಥಿನ್ ಹಾಳೆಗೇ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆಸಿದಳು.

ಭಾಯ್ ಸಿಕ್ಕಿದ್ದು ಬೆಮೆಲಿನ ಹಳೇ ಸ್ನೇಹಿತನಿಂದ. ಹೈವೇ ಸರ್ಕಲ್ಲಿನಿಂದ ಬನ್ನಿಮಂಟಪದ ಕಡೆಗೆ ಹೋಗೋ ದಾರಿಯಲ್ಲಿ, ಗ್ಯಾರೇಜುಗಳ ಸಾಲಿನ ಕೊನೆಗೆ, ತಗಡಿನ ಶೆಡ್ಡು. ಲಾರಿ ಬಸ್ಸುಗಳ ಮುಂದಿನ ಗಾಜು ಹಾಕೋದು ಅವರ ನಿತ್ಯದ ಕೆಲಸ. ಗಡ್ಡ ಬೆಳ್ಳಗಾಗಿದೆ, ಕೈಬೆರಳು ಮಾತ್ರ ಪ್ರೈಮರಿನಿಂದ ಕಪ್ಪು. ಹೆಸರು ಬರೀಲಾ ಅಂತ ಕೇಳಿದ್ದಕ್ಕೆ, "ಬೇಡ ಸಾರ್, ಇರೋ ಲಾರಿಗಳೇ ಬೈಕೊಳ್ತಾ ಕಾಯ್ತಾವೆ" ಅಂದರು.

ಮೊದಲ ದಿನ ವಾಪಸ್ ಕಳಿಸಿದರು. ಬೆಳಿಗ್ಗೆ ಒಂಬತ್ತಕ್ಕೆ ಗಾಜು ಹಿಡ್ಕೊಂಡು ಹೋಗಿದ್ದೆ, ಮೋಡ ಕವಿದಿತ್ತು. ಆಕಾಶ ನೋಡಿ, "ನಾಳೆ ಬನ್ನಿ. ಅಂಟಿಗೆ ಗಾಳಿಯಲ್ಲಿರೋ ತೇವ ಬೇಕು, ಜಾಗದ ಮೇಲೆ ಹನಿ ಬೀಳಬಾರದು. ನಂದು ಶೆಡ್ಡು, ಕಂಪನಿ ಅಲ್ಲ" ಅಂದರು. ಸಿಟ್ಟು ಬಂತು. 25 ದಿನ ಕಾದಿದ್ದೀನಿ, ಇವರದೊಂದು ಬೇರೆ ಅನ್ನಿಸ್ತು. ಮಧ್ಯಾಹ್ನ ಎರಡಕ್ಕೆ ಧೋ ಅಂತ ಸುರಿದಾಗ ಸಿಟ್ಟು ಇಳೀತು.

ಮಾರನೇ ದಿನ ಬಿಸಿಲು. ಕೆಲಸ ಶುರು ಮಾಡೋ ಮುಂಚೆ ಅವರು ಹೇಳಿದ ಮೊದಲ ಮಾತಿಗೇ ನಾನು ಅರ್ಧ ಅಂಕ ಕೊಟ್ಟುಬಿಟ್ಟೆ: "ಡಿಕ್ಕಿ ಬಾಗಿಲು ಮೊದಲು ತೆಗೆದಿಡಿ ಸಾರ್, ಆಮೇಲೆ ಬ್ಯಾಟರಿ ವೈರು ಬಿಚ್ಚೋಣ." ಈ ಕಾರುಗಳಲ್ಲಿ ದೊಡ್ಡ ಬ್ಯಾಟರಿ ಕೆಳಗಿದ್ದರೂ ಬಾಗಿಲು, ಲಾಕು, ಏರ್‌ಬ್ಯಾಗ್ ಎಲ್ಲ ನಡೆಯೋದು ಮಾಮೂಲಿ 12 ವೋಲ್ಟಿನ ಚಿಕ್ಕ ಬ್ಯಾಟರಿಯಿಂದ. ಅದನ್ನು ಬಿಚ್ಚಿದ ಮೇಲೆ ಡಿಕ್ಕಿ ಗುಂಡಿ ಒತ್ತಿದರೆ ಅದು ಅಲುಗಾಡೋದಿಲ್ಲ. ಹಿಂದೆ ಯಾವುದೋ ಕಾರಿನಲ್ಲಿ ಹಾಗಾಗಿ ಸೀಟು ಮಡಚಿ ಒಳಗಿಂದ ತೂರಿಕೊಂಡು ಹೋಗಿದ್ದರಂತೆ. ಬ್ಯಾಟರಿ ಯಾಕೆ ಬಿಚ್ಚಬೇಕು ಅಂದರೆ, ಮೂಲೆ ಗಾಜಿನ ಮೇಲೆ ಮಾಡಿನ ಅಂಚಿನಲ್ಲೇ ಪರದೆ ಏರ್‌ಬ್ಯಾಗ್ ಸುತ್ತಿಟ್ಟಿರುತ್ತಾರೆ. ಒಳಗಿನ ಪ್ಲಾಸ್ಟಿಕ್ ಹೊದಿಕೆ ಕಳಚುವಾಗ ಅದರ ವೈರಿಗೆ ಕೈ ತಾಗುತ್ತೆ. ಬಿಚ್ಚಿ, ಒಂದು ಟೀ ಕುಡಿಯೋವಷ್ಟು ಹೊತ್ತು ಬಿಟ್ಟರು. "ಕಿತ್ತಳೆ ಬಣ್ಣದ ವೈರ್ ಎಲ್ಲಿ ಕಂಡ್ರೂ ಮುಟ್ಟಬೇಡ" ಅಂತ ಕೆಲಸದ ಹುಡುಗನಿಗೆ ಎರಡು ಸಲ ಹೇಳಿದರು. ಹೈವೋಲ್ಟೇಜ್ ಕೇಬಲ್ಲಿಗೆ ಆ ಬಣ್ಣ.

ಆಮೇಲೆ ಒಂದೂವರೆ ಗಂಟೆ ಗಾಜಿನ ಸುದ್ದಿಯೇ ಇಲ್ಲ, ಬರೀ ಹಳೇ ಅಂಟು. ಚೌಕಟ್ಟಿನ ಸುತ್ತ ಕಪ್ಪು ಅಂಟಿನ ದಿಂಡು, ಅದರಲ್ಲಿ ಹುಗಿದುಕೊಂಡ ಗಾಜಿನ ಹರಳು. ಉದ್ದ ಅಲಗಿನ ಚಾಕುವಿನಲ್ಲಿ ಅದನ್ನು ಹಲಸಿನ ತೊಳೆ ಬಿಡಿಸೋ ಹಾಗೆ ಚೂರು ಚೂರೇ ಸವರುತ್ತಾ ಬಂದರು. ಪೂರ್ತಿ ಕಿತ್ತು ಲೋಹ ಕಾಣಿಸ್ತಾರೆ ಅಂತ ನಾನು ಕಾಯ್ತಿದ್ದರೆ, ಎರಡು ಮಿಲಿಮೀಟರ್ ಇರುವಾಗ ನಿಲ್ಲಿಸಿದರು.

"ಇಷ್ಟು ಬಿಡ್ತೀರಾ?"

"ಇದು ಕಂಪನಿಯವರು ಹಿಡಿಸಿದ್ದು ಸಾರ್. ಪೇಂಟನ್ನ ಎಷ್ಟು ಗಟ್ಟಿ ಹಿಡ್ಕೊಂಡಿದೆ ನೋಡಿ. ನನ್ನ ಅಂಟು ಇದನ್ನ ಹಿಡ್ಕೊಂಡ್ರೆ ಸಾಕು. ಕಿತ್ತುಹಾಕಿ ಪೇಂಟಿನ ಮೇಲೆ ಹೊಸದಾಗಿ ಹಿಡಿಸೋಕೆ ಹೋದ್ರೆ ಇಷ್ಟು ಗಟ್ಟಿ ಬರಲ್ಲ."

ಹುಡುಗ ಕೆಳಗಿನ ಮೂಲೆ ಸವರುವಾಗ ಚಾಕು ಜಾರಿ ಪೇಂಟಿನ ಮೇಲೆ ಉಗುರಿನಷ್ಟು ಗೀರು ಬಿತ್ತು. ನಾನಿನ್ನೂ ಕಂಡಿರಲಿಲ್ಲ, ಭಾಯ್ ಅವರೇ ಕರೆದು ತೋರಿಸಿದರು. ಗಾಜಿನ ಕೆಳಗೆ ಮುಚ್ಚಿಹೋಗೋ ಜಾಗ, ಸುಮ್ಮನಿದ್ದಿದ್ದರೆ ನನಗೆ ಜನ್ಮದಲ್ಲಿ ತಿಳೀತಿರಲಿಲ್ಲ. ಹಾಗೇ ಬಿಟ್ಟರೆ ತುಕ್ಕು ಅಲ್ಲಿಂದ ಹೊರಟು ಅಂಟಿನ ಬುಡಕ್ಕೆ ಹೋಗುತ್ತೆ. ಅದಕ್ಕೆ ಪ್ರೈಮರ್ ಹಚ್ಚಿ, ಒಣಗೋವರೆಗೂ ಬೇರೆ ಏನೂ ಮುಟ್ಟಲಿಲ್ಲ. ಹುಡುಗನಿಗೆ ಬೈಗುಳ ಉರ್ದುವಿನಲ್ಲಿ ಬಿತ್ತು, ಅರ್ಥವಾಗದಿದ್ದರೂ ಅಂದಾಜಾಯ್ತು.

ಹೊಸ ಗಾಜನ್ನು ಒಂದು ಸಲ ಸುಮ್ಮನೆ ಒಣಗಾಗಿ ಇಟ್ಟು ನೋಡಿ, ಅರ್ಧ ಗಾಜಿನ ಮೇಲೆ ಅರ್ಧ ಬಾಡಿ ಮೇಲೆ ಬರೋ ಹಾಗೆ ಟೇಪು ಅಂಟಿಸಿ, ನಡುವೆ ಬ್ಲೇಡಿನಲ್ಲಿ ಸೀಳಿದರು. ಅಂಟು ಹಾಕಿದ ಮೇಲೆ ಟೇಪಿಗೆ ಟೇಪು ಕೂಡಿಸಿದರೆ ಜಾಗ ತಪ್ಪೋದಿಲ್ಲ. ನಾನೂ ಬಿಡಲಿಲ್ಲ, ಮನೆಯಿಂದ ತಂದಿದ್ದ ಫೀಲರ್ ಗೇಜ್ ತೆಗೆದು ಸಂದು ಅಳೆದೆ. ಬಾಗಿಲ ಕಡೆ ಮೇಲೆ 3.5, ಕೆಳಗೆ 5 ಮಿಲಿಮೀಟರ್. ಬಲಗಡೆಯ ಕಂಪನಿ ಗಾಜು ಮೇಲೆ ಕೆಳಗೆ ಎರಡೂ 4. ಹೇಳಿದೆ. ಭಾಯ್ ನನ್ನನ್ನು ಒಂದು ಸಲ ನೋಡಿ, ಗೇಜು ಇಸ್ಕೊಂಡು ತಾವೂ ಅಳೆದು, ಟೇಪು ಕಿತ್ತು ಮತ್ತೆ ಅಂಟಿಸಿದರು. ಮೂಲೆಯಲ್ಲಿದ್ದ ಮುದ್ರೆಯನ್ನೂ ಓದಿದೆ. ವೃತ್ತದೊಳಗೆ ‘ಇ’ ಗುರುತು, ಪಕ್ಕದಲ್ಲಿ 43ಆರ್. ಅದು ಯುರೋಪಿನ ಸುರಕ್ಷಾ ಗಾಜಿನ ನಿಯಮದ ಗುರುತು. ನಮ್ಮ ದೇಶದ ಗಾಜಿನ ಮೇಲೆ ಐಎಸ್ 2553 ಅಂತಿರುತ್ತೆ. ಎರಡರಲ್ಲಿ ಒಂದೂ ಇಲ್ಲದ ಗಾಜು ಎಷ್ಟೇ ಅಗ್ಗವಾದರೂ ಬೇಡ.

ಗಾಜಿನ ಅಂಚಿನ ಸುತ್ತ ಕಪ್ಪು ಪಟ್ಟೆ ಇರುತ್ತಲ್ಲ, ಚಂದಕ್ಕೆ ಅಂತ ನಾನು ತಿಳಿದಿದ್ದೆ. ಅದು ಸುಟ್ಟು ಹಿಡಿಸಿದ ಬಣ್ಣ, ಹಿಂದಿರೋ ಅಂಟನ್ನು ಬಿಸಿಲಿನಿಂದ ಕಾಯೋದು ಅದರ ಕೆಲಸ. ಪಾಲಿಯುರೆಥೇನ್ ಅಂಟಿಗೆ ಬಿಸಿಲು ಆಗಿಬರೋದಿಲ್ಲ, ಪುಡಿಪುಡಿಯಾಗುತ್ತೆ. ಆ ಪಟ್ಟೆಯ ಮೇಲೆ ಕ್ಲೀನರ್ ಒರೆಸಿ, ಪ್ರೈಮರನ್ನು ಒಂದೇ ದಿಕ್ಕಿಗೆ ಒಂದೇ ಸಲ ಎಳೆದರು. ಅಲ್ಲಿಂದ ಯಾರೂ ಅಂಚಿಗೆ ಬೆರಳು ಸೋಕಿಸೋ ಹಾಗಿಲ್ಲ. ಅಂಟಿನ ಟ್ಯೂಬು ಆಗಲೇ ಬಿಸಿಲಿನಲ್ಲಿ ಕಾಯ್ತಾ ಕೂತಿತ್ತು. ಎಕ್ಸ್‌ಪೈರಿ ತಾರೀಖು ತೋರಿಸಿ ಆಮೇಲೆಯೇ ಮೂತಿ ಕತ್ತರಿಸಿದರು, ಅದೂ ಸೀದಾ ಅಲ್ಲ, ‘ವಿ’ ಆಕಾರಕ್ಕೆ. ಗನ್ನಿಗೆ ಹಾಕಿ ಒತ್ತಿದರೆ ದುಂಡಗೆ ಬರೋದಿಲ್ಲ, ಗೋಪುರದ ಹಾಗೆ ಮೂರು ಮೂಲೆಯ ದಿಂಡು ಎದ್ದು ನಿಲ್ಲುತ್ತೆ. ಗಾಜು ಒತ್ತಿದಾಗ ಆ ತುದಿ ಚಪ್ಪಟೆಯಾಗಿ ಎಲ್ಲೂ ಸಂದು ಬಿಡದೆ ಹರಡಿಕೊಳ್ಳುತ್ತೆ. ಚಕ್ಕುಲಿ ಒರಳಿನಲ್ಲಿ ಕೈ ಪಳಗಿದವರು ಎಲ್ಲೂ ತುಂಡಾಗದೆ ಸುತ್ತು ಹಾಕ್ತಾರಲ್ಲ, ಥೇಟ್ ಹಾಗೆ. ಕೆಳಗಿನ ಅಂಚಿನ ನಡುವಿನಿಂದ ಶುರು ಮಾಡಿ ಗಾಜಿನ ಸುತ್ತ ಬಂದು, ಶುರುವಾದಲ್ಲಿಗೇ ಒಂದಿಂಚು ಹತ್ತಿಸಿ ನಿಲ್ಲಿಸಿದರು. ಅಷ್ಟು ಹೊತ್ತು ಉಸಿರು ಬಿಟ್ಟರೋ ಇಲ್ಲವೋ ನಾ ಕಾಣೆ. ಪಕ್ಕದ ಲಾರಿಯವನು ಏನೋ ಕೇಳಿದ, ಉತ್ತರ ಇಲ್ಲ.

ಹೀರುಬಟ್ಟಲಿನ ಹಿಡಿಕೆಯಿಂದ ಗಾಜೆತ್ತಿ, ಟೇಪಿಗೆ ಟೇಪು ಕೂಡಿಸಿ, ಅಂಗೈಯಿಂದ ಸುತ್ತ ತಟ್ಟಿದರು. ಇದಕ್ಕೆ ಹಿಡಿದಿದ್ದು ಎರಡೇ ನಿಮಿಷ. ಕಿಟಕಿಗಳನ್ನು ಎರಡು ಬೆರಳು ಇಳಿಸಿಟ್ಟು, "ಇವತ್ತು ಬಾಗಿಲು ದಬಕ್ ಅಂತ ಹಾಕಬೇಡಿ, ಒಳಗಿನ ಗಾಳಿ ಗಾಜನ್ನ ಆಚೆ ತಳ್ಳುತ್ತೆ. ಗಾಡಿ ರಾತ್ರಿ ಇಲ್ಲೇ ಇರಲಿ. ಎರಡು ದಿನ ವಾಟರ್ ವಾಶ್ ಬೇಡ" ಅಂದರು. ಅಂಟು ಸೇರಿ 4,500. ಗಾಜಿನ ಬೆಲೆಯೂ ಸೇರಿ ಒಟ್ಟು 42,260. ಇಂಥ ಕೆಲಸದಲ್ಲಿ ಚೌಕಾಸಿ ಮಾಡಬೇಕಾದ್ದು ಗಾಜಿನ ರೇಟಿಗೆ. ಆ ಒಂದೂವರೆ ಗಂಟೆಯ ಸವರುವಿಕೆಗೆ, ಮೋಡ ನೋಡಿ ವಾಪಸ್ ಕಳಿಸೋ ಬುದ್ಧಿಗೆ ಕೇಳಿದಷ್ಟು ಕೊಡಬೇಕು.

ಮನೆಗೆ ತಂದ ಮೂರನೇ ದಿನ ನನ್ನ ಇನ್‌ಸ್ಪೆಕ್ಷನ್. ಪೈಪಿನಲ್ಲಿ ಹತ್ತು ನಿಮಿಷ ನೀರು ಬಿಟ್ಟೆ, ಒಳಗೆ ಒರೆಸಿದ ಟಿಶ್ಯೂ ಒಣಗೇ ಇತ್ತು. ಆಮೇಲೆ ಎಲ್ಲ ಕಿಟಕಿ ಮುಚ್ಚಿ, ಹೊರಗಿನ ಗಾಳಿ ಎಳೆಯೋ ಹಾಗೆ ಬ್ಲೋವರ್ ಪೂರ್ತಿ ಇಟ್ಟು, ಗಾಜಿನ ಸುತ್ತ ಸೋಪಿನ ನೀರು ಹಚ್ಚಿದೆ. ಸೋರುವ ಜಾಗ ಇದ್ದರೆ ಪಂಕ್ಚರ್ ಅಂಗಡಿಯ ತೊಟ್ಟಿಯಲ್ಲಿ ಬರೋ ಹಾಗೆ ಗುಳ್ಳೆ ಬರುತ್ತೆ. ಬರಲಿಲ್ಲ. ಮೊಮ್ಮಗಳು ಅರ್ಧ ಬಕೆಟ್ ಸೋಪಿನ ನೀರನ್ನು ತನ್ನ ಮೈಗೇ ಹಚ್ಕೊಂಡಳು.

ಕೊನೇದು ಕಿವಿಯ ಪರೀಕ್ಷೆ. ಡೀಸೆಲ್ ಗಾಡಿಯಲ್ಲಿ ಚಿಕ್ಕಪುಟ್ಟ ಸದ್ದನ್ನು ಇಂಜಿನ್ನೇ ನುಂಗಿಬಿಡುತ್ತೆ. ಇಲ್ಲಿ ಇಂಜಿನ್ ಇಲ್ಲ, ಕೂದಲೆಳೆ ಸಂದಿದ್ದರೂ ಗಾಳಿ ಕೊಳಲೂದುತ್ತೆ. ಎಕ್ಸ್‌ಪ್ರೆಸ್‌ವೇ ಹತ್ತಿ ಗಣಂಗೂರು ಟೋಲ್ ದಾಟಿ 80ಕ್ಕೆ ಬಂದೆ. ಸುಯ್ ಅಂತ ಶುರುವಾಯ್ತು, ಎಡಗಡೆ ಹಿಂದಿನಿಂದಲೇ. 100ಕ್ಕೆ ಇನ್ನೂ ಜೋರು. ಮದ್ದೂರಿನವರೆಗೆ ಹೋಗಿ ವಡೆ ಕಟ್ಟಿಸಿಕೊಂಡು ಬರೋಣ ಅಂತ ಹೊರಟವನು ಮಂಡ್ಯಕ್ಕೇ ತಿರುಗಿಸಿ ಸೀದಾ ಶೆಡ್ಡಿಗೆ ಬಂದೆ. ಬಾಯಲ್ಲಿ ಏನೇನೋ ಮಾತು ಕೂಡಿಟ್ಟುಕೊಂಡು ಬಂದಿದ್ದೆ. ಭಾಯ್ ಏನೂ ವಾದ ಮಾಡಲಿಲ್ಲ. ಹೊಸ ಗಾಜಿನ ಸಂದಿಗೆಲ್ಲ ಮಾಸ್ಕಿಂಗ್ ಟೇಪು ಅಂಟಿಸಿ, "ಬನ್ನಿ, ಒಂದು ರೌಂಡ್" ಅಂತ ಪಕ್ಕದಲ್ಲಿ ಕೂತರು. ರಿಂಗ್ ರೋಡಿನ ಖಾಲಿ ಜಾಗದಲ್ಲಿ 80 ಮುಟ್ಟಿಸಿದೆ. ಸುಯ್! ಟೇಪು ಹಾಕಿದರೂ ಸದ್ದು ಇದೆ ಅಂದಮೇಲೆ ಗಾಜಿನದಲ್ಲ. ನಿಲ್ಲಿಸಿ, ಟೇಪನ್ನು ಮಾಡಿನ ಕಂಬಿಯ ಮುಚ್ಚಳಕ್ಕೆ ಅಂಟಿಸಿದರು. ಸದ್ದು ಮಾಯ. ನಾನು ಪಾಲಿಥಿನ್ ಸಿಗಿಸೋಕೆ ಎತ್ತಿದ್ದ ಮುಚ್ಚಳ, ವಾಪಸ್ ಒತ್ತುವಾಗ ಪೂರ್ತಿ ಕೂತಿರಲಿಲ್ಲ. ಹೆಬ್ಬೆರಳಿನಲ್ಲಿ ಒತ್ತಿದರು, ಟಿಕ್ ಅಂತು. "ಇದಕ್ಕೆ ಚಾರ್ಜ್ ಇಲ್ಲ ಸಾರ್" ಅಂದರು, ನಗಲೂ ಇಲ್ಲ.

ಕುಂದು ಇಲ್ಲ ಅಂತಲ್ಲ. ಒಳಗಿನ ಹೊದಿಕೆಯ ಒಂದು ಕ್ಲಿಪ್ ಮುರಿದು, ಹೊರಗಿನದೊಂದು ಹಾಕಿದ್ದಾರೆ, ಬಣ್ಣ ಸ್ವಲ್ಪ ಬೇರೆ. ಮಾಡಿನ ಒಳಬಟ್ಟೆಗೆ ಹುಡುಗನ ಕಪ್ಪು ಹೆಬ್ಬೆಟ್ಟು ಬಿದ್ದಿದೆ. ಆ ಅಂಟು ಒಣಗಿದ ಮೇಲೆ ಯಾವ ದ್ರಾವಣಕ್ಕೂ ಬಗ್ಗೋದಿಲ್ಲ, ಹುಡುಕಿದರೆ ಮಾತ್ರ ಕಾಣುತ್ತೆ, ಅಳಿಯಂದಿರು ಹುಡುಕ್ತಾರೆ. ಬಿಲ್ಲು ಕೈಬರಹದ್ದು, ಅದೂ ಕೇಳಿದ ಮೇಲೆ. ಕೂರೋಕೆ ಒಂದು ಟೈರು. ಬರೆದುಕೊಟ್ಟ ವಾರಂಟಿ ಇಲ್ಲ, "ಆರು ತಿಂಗಳೊಳಗೆ ಒಂದು ಹನಿ ಬಂದ್ರೂ ಬನ್ನಿ" ಅನ್ನೋ ಬಾಯಿಮಾತೇ. ಡಿಕ್ಕಿಯ ಚೂರುಗಳನ್ನು ವ್ಯಾಕ್ಯೂಮ್ ಹೊಡೆದದ್ದೂ ಅಷ್ಟಕ್ಕಷ್ಟೆ. ಮೊನ್ನೆ ಮೊಮ್ಮಗಳು ಸೀಟಿನ ಸಂದಿಯಿಂದ ಒಂದು ಹರಳು ಹೆಕ್ಕಿ, "ತಾತ, ಕಲ್ಲುಸಕ್ಕರೆ" ಅಂತ ಬಾಯಿಗೆ ಇಡೋದರಲ್ಲಿದ್ದಳು. ಸೀಟು ಬಿಚ್ಚಿಸಿ ಇನ್ನೊಂದು ಸಲ ಕ್ಲೀನ್ ಮಾಡಿಸಿದೆ. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸಕ್ಕೆ ಬೇರೆ ಕಡೆ ದುಡ್ಡು ಕೊಟ್ಟಾದರೂ ಮಾಡಿಸಿಕೊಳ್ಳಿ.

ನಮ್ಮ ಹಳೇ ಇನ್‌ಸ್ಪೆಕ್ಷನ್ ಭಾಷೆಯಲ್ಲಿ ಹೇಳೋದಾದರೆ ಪಾಸ್, ರಿಮಾರ್ಕ್ ಸಹಿತ. ಸರ್ವಿಸ್ ಸೆಂಟರಿನ ಪಾರ್ಟ್ಸ್ ಕೌಂಟರಿಗೆ 5ಕ್ಕೆ 3, ಅದೂ ತಪ್ಪು ಗಾಜನ್ನು ದುಡ್ಡು ಮುರಿಯದೆ ವಾಪಸ್ ತಗೊಂಡದ್ದಕ್ಕೆ. ಭಾಯ್‌ಗೆ ನಾಲ್ಕೂವರೆ, ಮಿಕ್ಕ ಅರ್ಧ ಆ ಹೆಬ್ಬೆಟ್ಟಿಗೆ ಹೋಯ್ತು.

ಹೋಗೋರು ಹೈವೇ ಸರ್ಕಲ್ಲಿನ ಟೀ ಅಂಗಡಿಗಳಲ್ಲಿ ಲಾರಿ ಗ್ಲಾಸ್ ಹಾಕೋ ಭಾಯ್ ಅಂತ ಕೇಳಿ, ತೋರಿಸ್ತಾರೆ. ಗಾಜು ನೀವೇ ತರಿಸಿಕೊಂಡು, ಬಣ್ಣ ನೋಡಿಕೊಂಡು ಹೋಗಿ. ಬೆಳಿಗ್ಗೆ ಹತ್ತರೊಳಗೆ ಹೋದರೆ ಅದೇ ದಿನ ಕೆಲಸ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗಿರ್ತಾರೆ, ಎರಡೂವರೆಗೆ ಬರ್ತಾರೆ. ಮೋಡ ಇದ್ದರೆ ಹೋಗಲೇಬೇಡಿ.